ಉಲ್ಟಾ ಬಾವುಟ

ತೋಟಪ್ಪ ಮೇಷ್ಟ್ರು ಸ್ಕೂಟರಿಗೆ ಸ್ಟ್ಯಾಂಡ್ ಹಾಕುತ್ತಿದ್ದಾಗ, ಹೂವಿನ ಪೊಟ್ಟಣ ಹಿಡಿದು ಬಂದವನೊಬ್ಬ ಹರಿಹರದ ಆ ಓಣಿಯ ಮೈಲಮ್ಮನನ್ನು ದಾರಿ ಕೇಳುತ್ತಿದ್ದ.

“ಟೇಲರ್ ಬುಡನ್ ಸಾಬ್ರ ಮನೆ ಯಾವ್ದಮ್ಮ?”

“ಈ ಓಣ್ಯಾಗೆ ಇಬ್ರು ಬುಡನ್ ಸಾಬ್ರು ಅದಾರಪ್ಪ. ತೀರ್ಕಂಡೋರು ಉಲ್ಟಾ ಬಾವುಟದೋರು. ಅಗಾ, ಜನ ನಿಂತೈತಲ್ಲ, ಅದೇ ಮನೆ.”

ಮೈಲಮ್ಮ ಕೆಟ್ಟ ಮನಸ್ಸಿನಿಂದ ಹೇಳಿದ್ದಲ್ಲ. ಸೇಂದಿ ಗಿಡದ ಮನೆ, ಮೂಲೆ ಅಂಗಡಿ ಎಂದು ಗುರುತು ಹೇಳುವ ಹಾಗೆ ಹೇಳಿದಳು. ಆದರೆ ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿಕೊಳ್ಳುವವನು ಊರಿಗೊಬ್ಬ ಇದ್ದೇ ಇರುತ್ತಾನೆ. ಮೇಷ್ಟ್ರ ಕೈ ಸ್ಕೂಟರಿನ ಹ್ಯಾಂಡಲ್ ಬಿಡಲೇ ಇಲ್ಲ. ಬುಡನ್ ಸಾಬ್ ದಾವಣಗೆರೆಯ ಅಂಗಡಿ ಮುಚ್ಚಿ ಹರಿಹರಕ್ಕೆ ಬಂದು ಹನ್ನೊಂದು ವರ್ಷವಾಗಿತ್ತು. ಊರು ಬಿಟ್ಟರೂ ಆ ಹೆಸರು ಅವನನ್ನು ಬಿಟ್ಟಿರಲಿಲ್ಲ.

ಬಾಗಿಲ ಬಳಿ ಮಗ ಹಿದಾಯತ್ ಎದುರಾದ. ಗ್ಯಾರೇಜಿನಲ್ಲಿ ಕೆಲಸ ಮಾಡುವವನು, ಉಗುರಿನ ಸಂದಿಯಲ್ಲಿ ಇನ್ನೂ ಗ್ರೀಸ್ ಇತ್ತು.

“ಬರ್ರಿ ಮೇಷ್ಟ್ರೇ. ಅಮ್ಮಿ ಬೆಳಗ್ಗಿಂದ ನಿಮ್ಮನ್ನೇ ಕೇಳ್ತಾ ಅದಾರೆ.”

ಪರದೆಯ ಆಚೆಯಿಂದ ಬುಡನ್‌ನ ಹೆಂಡತಿ ದಿಲ್ಷಾದ್ ಬೇಗಂ ಮಾತಾಡಿದರು. ಅತ್ತು ಅತ್ತು ದನಿ ಒಣಗಿತ್ತು.

“ಬಂದ್ರಾ ಅಣ್ಣಾರೇ. ಆಸ್ಪತ್ರ್ಯಾಗೆ ನಿಮ್ಮ ದಾರಿ ಭಾಳ ನೋಡಿದ್ರು. ಸಿಸ್ಟರ್ ಎಡಗೈಗೆ ಸೂಜಿ ಚುಚ್ಚಾಕೆ ಬಂದ್ರೆ ಜಗಳ. ‘ತೋಟ ಬರ್ತಾನೆ, ಈ ಕೈ ಅವನಿಗೆ ಬೇಕು, ಬಲಗೈಗೆ ಹಾಕ್ರಿ’ ಅಂತ.”

ಮೇಷ್ಟ್ರು “ಮಂಡಿ ನೋವು ಕಣಮ್ಮ, ಗಾಡಿ ಓಡ್ಸಾಕೆ ಆಗ್ಲಿಲ್ಲ” ಎಂದರು. ದಾವಣಗೆರೆಯ ಎಂ.ಸಿ.ಸಿ. ಬಡಾವಣೆಯ ಮನೆಯಿಂದ ಹರಿಹರ ಹದಿನಾಲ್ಕು ಕಿಲೋಮೀಟರ್. ಈ ದಿನ ಅದೇ ಮಂಡಿ ಇಟ್ಟುಕೊಂಡು ಅರ್ಧ ಗಂಟೆಯಲ್ಲಿ ಬಂದಿದ್ದರು. ಬದುಕಿದ್ದವನ ಮುಖ ನೋಡಲು ಆಗದಿದ್ದವರಿಗೆ ಸತ್ತವನ ಮುಖ ನೋಡಲು ಮಂಡಿ ನೋವು ಅಡ್ಡ ಬರಲಿಲ್ಲ.

* * *

ಇಬ್ಬರೂ ಹೈಸ್ಕೂಲಿನಲ್ಲಿ ಒಂದೇ ಸ್ಕೌಟ್ ದಳದವರು. ಸ್ಕೌಟುಗಳು ಎಡಗೈ ಕುಲುಕುತ್ತಾರೆ. ಗುರಾಣಿ ಹಿಡಿಯುವ ಕೈ ಅದು, ಗುರಾಣಿ ಕೆಳಗಿಟ್ಟು ಆ ಕೈ ಕೊಟ್ಟರೆ ನಿನ್ನನ್ನು ನಂಬಿದ್ದೇನೆ ಎಂದರ್ಥ. ತೋಟಪ್ಪ ಓದಿ ಸ್ಕೌಟ್ ಮೇಷ್ಟ್ರಾದರು, ಬುಡನ್ ಹೊಲಿಗೆ ಯಂತ್ರದ ಮುಂದೆ ಕೂತ. ಆಮೇಲೂ ಪೇಟೆಯಲ್ಲಿ ಎದುರಾದಾಗ ಇಬ್ಬರ ಎಡಗೈಯೇ ಮುಂದೆ ಬರುತ್ತಿತ್ತು. ಎಡಗೈ ಕೊಡುವುದು ಅಪಶಕುನ ಎಂದು ಹಿಂದೂಗಳೂ ಬೈದರು, ಮುಸಲ್ಮಾನರೂ ಬೈದರು. “ಬೈಯೋದ್ರಾಗಾದ್ರೂ ಒಂದಾದ್ರಲ್ಲಪ್ಪ” ಎಂದು ಬುಡನ್ ನಗುತ್ತಿದ್ದ.

ಹದಿಮೂರು ವರ್ಷದ ಹಿಂದೆ ಕೊಂಡಜ್ಜಿಯ ಕೆರೆಯ ದಂಡೆಯಲ್ಲಿ ಶಾಂತಿ ಶಿಬಿರ ನಡೆಯಿತು. ಹನ್ನೊಂದು ದೇಶದ ಮಕ್ಕಳು ಬರುವವರಿದ್ದರು. ಕೆರೆಯ ಸುತ್ತ ಸಸಿ ನೆಡುವುದು, ಬಿಸಿಯೇರುತ್ತಿರುವ ಭೂಮಿಯ ಬಗ್ಗೆ, ಬತ್ತುತ್ತಿರುವ ನೀರಿನ ಬಗ್ಗೆ ಮಾತಾಡುವುದು, ಒಂದೇ ಪಂಕ್ತಿಯಲ್ಲಿ ಕೂತು ರೊಟ್ಟಿ ತಿನ್ನುವುದು. ಬಾವುಟ ಹೊಲಿಯುವ ಕೆಲಸವನ್ನು ತೋಟಪ್ಪ ಮೇಷ್ಟ್ರು ಗೆಳೆಯನಿಗೇ ಕೊಡಿಸಿದರು. ಹಳೆಯ ಅಟ್ಲಾಸಿನ ಕೊನೆಯ ಪುಟ ನೋಡಿ ಗೆರೆ ಹಾಳೆಯ ಮೇಲೆ ಹನ್ನೊಂದನ್ನೂ ಬರೆದುಕೊಟ್ಟರು.

“ಈ ಇಂಡೋನೇಷ್ಯಾದ್ದು ಬಿಳಿ ಮೇಲಾ, ಕೆಂಪು ಮೇಲಾ? ಇನ್ನೊಂದ್ಸಲ ನೋಡೋ ತೋಟ,” ಎಂದು ಬುಡನ್ ಕೇಳಿದ್ದ. ಮರುದಿನ ಮತ್ತೆ ಕೇಳಿದ್ದ.

“ಬರೆದಂಗೆ ಹೊಲಿಯೋ ಮಾರಾಯ. ನನಗೆ ಸಾವಿರ ಕೆಲ್ಸ ಅದಾವೆ.”

ಇಂಡೋನೇಷ್ಯಾದ್ದು ಕೆಂಪು ಮೇಲೆ, ಪೋಲೆಂಡಿನದು ಬಿಳಿ ಮೇಲೆ; ಮೇಷ್ಟ್ರು ಪೋಲೆಂಡಿನ ಸಾಲು ನೋಡಿ ಇಂಡೋನೇಷ್ಯಾದ್ದು ಬರೆದಿದ್ದರು. ಕಣ್ಣು ಸಾಲು ತಪ್ಪಿ ಜಾರಿತ್ತು, ಅಷ್ಟೇ.

ಬಾವುಟಗಳು ಏರಿದಾಗ ಇಂಡೋನೇಷ್ಯಾದ ಹದಿನಾರರ ಹುಡುಗಿಯೊಬ್ಬಳು ಸೆಲ್ಯೂಟ್‌ಗೆ ಎತ್ತಿದ ಕೈಯನ್ನು ಕೆಳಗಿಳಿಸಿದಳು. ಅಷ್ಟು ದೂರದಿಂದ ಬಂದ ಮಗು, ತನ್ನ ದೇಶ ತಲೆಕೆಳಗಾಗಿ ಹಾರುವುದನ್ನು ನೋಡುತ್ತ ಅಳತೊಡಗಿತು. ಶಿಬಿರದ ಹಿರಿಯರು ಓಡಿ ಬಂದರು. ಯಾರ ತಪ್ಪು ಎಂದರು. ಮುಂದಿನ ತಿಂಗಳು ಜಿನೀವಾದ ಶಾಂತಿ ಸಮ್ಮೇಳನಕ್ಕೆ ಹೊರಡುವವರ ಪಟ್ಟಿಯಲ್ಲಿ ತೋಟಪ್ಪನವರ ಹೆಸರಿತ್ತು.

“ಟೇಲರ್ ತಪ್ಪು ಸರ್,” ಎಂದುಬಿಟ್ಟರು.

ಬುಡನ್ ಅಲ್ಲೇ ನಿಂತಿದ್ದ. ಗೆಳೆಯನ ಮುಖವನ್ನು ಒಂದು ಗಳಿಗೆ ನೋಡಿದ. ಆಮೇಲೆ “ಹೌದ್ರಿ, ನಂದೇ ತಪ್ಪು” ಎಂದು, ಕಾಲರಿಗೆ ಸಿಕ್ಕಿಸಿದ್ದ ಸೂಜಿ ತೆಗೆದು, ಬಾವುಟ ಇಳಿಸಿಕೊಂಡು ಹುಲ್ಲಿನ ಮೇಲೇ ಕೂತು ಹೊಲಿಗೆ ಬಿಚ್ಚಿದ. ಹತ್ತು ನಿಮಿಷದಲ್ಲಿ ಹಗ್ಗದ ಕುಣಿಕೆ ಕೆಂಪಿನ ಬದಿಗೆ ಬಂತು. ಬಾವುಟ ಸರಿಯಾಗಿ ಏರಿತು. ಆ ಹುಡುಗಿ ಕಣ್ಣೊರೆಸಿಕೊಂಡು ಬಂದು ಅವನಿಗೆ ಎಡಗೈ ಕೊಟ್ಟಳು.

ಮೇಷ್ಟ್ರು ಜಿನೀವಾಕ್ಕೆ ಹೋಗಿ ಮನುಷ್ಯ ಮನುಷ್ಯರ ನಡುವಿನ ನಂಬಿಕೆಯ ಬಗ್ಗೆ ಹನ್ನೆರಡು ನಿಮಿಷ ಭಾಷಣ ಮಾಡಿ ಚಪ್ಪಾಳೆ ಗಿಟ್ಟಿಸಿ ಬಂದರು. ಇತ್ತ ಸ್ಕೌಟ್ ಸ್ಕಾರ್ಫು, ಡೇರೆ ಬಟ್ಟೆಯ ಕೆಲಸ ಒಂದೊಂದಾಗಿ ಬುಡನ್‌ನ ಕೈ ತಪ್ಪಿತು. ಬೇಕಂತಲೇ ಮಾಡಿದ್ದಾನೆ ಎಂದು ಆಡಿಕೊಂಡವರೂ ಇದ್ದರು. ಅವನು ಯಾರಿಗೂ ಎದುರಾಡಲಿಲ್ಲ. ಮೇಷ್ಟ್ರು ಮಾತ್ರ ಆ ಬೀದಿಯಲ್ಲಿ ಓಡಾಡುವುದನ್ನೇ ಬಿಟ್ಟರು.

* * *

ಮಧ್ಯಾಹ್ನದ ನಮಾಜು ಮುಗಿದು ಶವವಿದ್ದ ಜನಾಜಾವನ್ನು ಮಸೀದಿಯ ಅಂಗಳಕ್ಕೆ ತಂದರು. ಮೇಷ್ಟ್ರು ಇತರ ನಾಲ್ಕಾರು ಹಿಂದೂಗಳ ಜೊತೆ ಬೇವಿನ ಮರದ ಕೆಳಗೆ ನಿಂತರು. ಪ್ರಾರ್ಥನೆಗೆ ಮೊದಲು ಹಿದಾಯತ್ ಎಲ್ಲರ ಕಡೆ ತಿರುಗಿ ಕೈ ಜೋಡಿಸಿದ.

“ಅಬ್ಬಾನಿಂದ ಯಾರಿಗಾದ್ರೂ ನೋವಾಗಿದ್ರೆ ಮಾಫ್ ಮಾಡ್ರಿ. ಅವರ ಹೊರೆ ಏನಿದ್ರೂ ಇನ್ನ ಮ್ಯಾಲೆ ನಂದು.” ಬೇವಿನ ಮರದ ಕಡೆ ತಿರುಗಿದ. “ಮೇಷ್ಟ್ರೇ, ಆ ಬಾವುಟದ ವಿಷಯದಾಗೆ ಅವತ್ತು ನಿಮಗೆ ಮುಜುಗರ ಆತು. ನಂಬಿ ಕೆಲ್ಸ ಕೊಡಿಸಿದ್ರಿ. ಅದನ್ನೂ ಮಾಫ್ ಮಾಡೀನಿ ಅಂದ್ಬಿಡ್ರಿ.”

ಇನ್ನೂರು ಜನ ತಿರುಗಿ ನೋಡಿದರು.

ಈಗ ಹೇಳಬೇಕು ಎಂದು ಮೇಷ್ಟ್ರಿಗೆ ಗೊತ್ತಿತ್ತು. ಬಾಯಿ ತೆರೆದರು. ಐವತ್ತು ವರ್ಷ ಸಭೆಗಳಲ್ಲಿ ಮಾತಾಡಿ ಪಳಗಿದ ಬಾಯಿ ಅದು, ಅದಕ್ಕೆ ಸುಲಭವಾಗಿದ್ದನ್ನೇ ಆಡಿತು.

“ಮಾಫ್ ಮಾಡೀನಪ್ಪ.”

“ದೊಡ್ಡ ಮನಸ್ಸು ಬಿಡ್ರಿ ನಿಮ್ದು,” ಎಂದರು ಪಕ್ಕದಲ್ಲಿ ನಿಂತಿದ್ದ ಕೆಂಚವೀರಪ್ಪ, ಕಣ್ಣು ಒದ್ದೆ ಮಾಡಿಕೊಂಡು. ಮೇಷ್ಟ್ರಿಗೆ ತಮ್ಮ ಮೇಲೆ ತಮಗೇ ಹೇಸಿಗೆಯಾಯಿತು. ಒಮ್ಮೆ ತಪ್ಪು ಹೊರಿಸಿದ್ದು ಸಾಲದೆಂದು ಈಗ ಕ್ಷಮೆಯನ್ನೂ ಕೊಟ್ಟಿದ್ದರು.

ಹೆಗಲು ಕೊಟ್ಟರು. ಖಬರಸ್ಥಾನದಲ್ಲಿ ಎಲ್ಲರಂತೆ ಮೂರು ಹಿಡಿ ಮಣ್ಣು ಹಾಕಿದರು. ತಮ್ಮಲ್ಲೂ ಹೂಳುವುದೇ ವಾಡಿಕೆ, ಮಣ್ಣು ಹಾಕುವುದು ಕೈಗೆ ಹೊಸದಲ್ಲ.

ದುವಾ ಮುಗಿಸಿ ಜನ ಗೇಟಿನ ಕಡೆ ಹೊರಟರು. ಬುಡನ್ ತನ್ನ ತಂದೆಯನ್ನು ಮಣ್ಣು ಮಾಡಿದ ದಿನ ಹೇಳಿದ್ದು ಮೇಷ್ಟ್ರಿಗೆ ಆಗ ನೆನಪಾಯಿತು: ‘ಮಣ್ಣು ಕೊಟ್ಟೋರು ನಲವತ್ತು ಹೆಜ್ಜೆ ದೂರ ಹೋಗ್ತಿದ್ದಂಗೆ ಫರಿಷ್ತೆಗಳು, ದೇವದೂತರು, ಬಂದು ಪ್ರಶ್ನೆ ಕೇಳ್ತಾರೆ ಕಣೋ. ಅಲ್ಲೀತನಕ ನಮ್ಮ ಹೆಜ್ಜೆ ಸಪ್ಪಳ ಒಳಗೆ ಕೇಳಿಸ್ತಿರ್ತೈತೆ.’

ಮೇಷ್ಟ್ರು ನಡೆಯುತ್ತ ಎಣಿಸಿದರು. ಹನ್ನೆರಡು, ಹದಿಮೂರು. ಫರಿಷ್ತೆಗಳು ಕೇಳುತ್ತಾರೆ. ಬುಡನ್ ಏನು ಹೇಳುತ್ತಾನೆ? ಅವತ್ತು ‘ನಂದೇ ತಪ್ಪು’ ಎಂದವನು ಅಲ್ಲಿಯೂ ಹಾಗೇ ಅಂದುಬಿಟ್ಟರೆ? ಅನ್ನುವಂಥವನೇ ಅವನು. ಇಪ್ಪತ್ತೊಂಬತ್ತು. ಮೂವತ್ತು. ಮೂವತ್ತಾರು.

“ಹಿದಾಯತ್, ನಿಂದ್ರಪ್ಪ. ಎಲ್ಲಾರೂ ನಿಂದರ್ರಿ.”

ಜನ ನಿಂತರು.

“ಬಾವುಟ ಹೊಲಿದೋನು ಅವನು. ಬಿಳಿ ಮ್ಯಾಲೆ ಅಂತ ಬರೆದು ಕೊಟ್ಟೋನು ನಾನು. ಎರಡು ಸಲ ಕೇಳಿದ, ನೋಡೋ ಅಂದ. ನಾನು ನೋಡ್ಲಿಲ್ಲ. ತಪ್ಪು ನಂದು, ಹೊರಿಸಿದ್ದು ಅವನ ಮ್ಯಾಲೆ. ಈಗ ಮಸೀದಿ ಹತ್ರ ಮಾಫ್ ಮಾಡೀನಿ ಅಂದೆನಲ್ಲ, ಅದೂ ಸುಳ್ಳು.”

ಕೆಂಚವೀರಪ್ಪ ಮುಖ ತಿರುಗಿಸಿಕೊಂಡರು. ಹಿದಾಯತ್‌ನ ದವಡೆ ಬಿಗಿಯಿತು. ಹೊಡೆದರೂ ಹೊಡೆಯಲಿ ಎಂದು ಮೇಷ್ಟ್ರು ಕಾದರು.

“ನನಗೆ ಹೇಳಿ ಏನು ಬಂತ್ರಿ,” ಎಂದ ಹಿದಾಯತ್. “ಹದಿಮೂರು ವರ್ಷ ಅವರು ಇದ್ರಲ್ಲ. ಹೋಗ್ರಿ, ಅವರಿಗೆ ಹೇಳಿ ಬರ್ರಿ. ನಾನೂ ಎಣಿಸ್ತಿದ್ದೆ, ನಲವತ್ತಕ್ಕೆ ಇನ್ನ ನಾಕು ಹೆಜ್ಜೆ ಐತೆ. ನಾವು ಇಲ್ಲೇ ನಿಂತಿರ್ತೀವಿ.”

ಮೇಷ್ಟ್ರು ತಿರುಗಿ ನಡೆದರು. ಮೂವತ್ತಾರು ಹೆಜ್ಜೆ ಅವರಿಗೆ ಕೊಂಡಜ್ಜಿಯಷ್ಟು ದೂರವಾಯಿತು. ನೋವಿದ್ದ ಮಂಡಿಯನ್ನು ಹಸಿ ಮಣ್ಣಿನ ಪಕ್ಕ ಊರಿ ಕೂತರು. ಏನು ಹೇಳಿದರೋ ಗೇಟಿನ ಕಡೆ ನಿಂತವರಿಗೆ ಕೇಳಿಸಲಿಲ್ಲ. ಅವರು ಎಡಗೈ ಚಾಚಿ ಮಣ್ಣಿನ ಮೇಲೆ ಅಂಗೈ ಇಟ್ಟದ್ದು ಮಾತ್ರ ಕಾಣಿಸಿತು. ಆ ಕೈ ಹಿಂದಕ್ಕೆ ಬರುವ ತನಕ, ಉರಿಯುವ ಬಿಸಿಲಿನಲ್ಲಿ ಇನ್ನೂರು ಜನ ಒಂದು ಹೆಜ್ಜೆಯನ್ನೂ ಮುಂದಿಡದೆ ನಿಂತಿದ್ದರು.