ಒಣ ಟವೆಲು

"ನಾನು ತಿರುಗಿಸಿದ ಕಡೆಗೇ ನೀನೂ ತಿರುಗಿಸಿದ್ರೆ ನೀರು ಹೆಂಗೆ ಬೀಳುತ್ತೆ? ಎದುರು ತಿರುಗಿಸೇ, ಎದುರು!" ಎಂದಳು ಅತ್ತಿಗೆ.

ನಾದಿನಿ ನಗುತ್ತ ಕೈ ಬದಲಿಸಿದಳು. ಇಬ್ಬರ ನಡುವೆ ಒದ್ದೆ ಬೆಡ್‌ಶೀಟು ಹಗ್ಗದ ಹಾಗೆ ಬಿಗಿಯಿತು. ಅದರ ಹೊಟ್ಟೆಯಿಂದ ಕೆಳಗಿಟ್ಟ ಬಕೆಟ್ಟಿಗೆ ಧಾರೆಯಾಗಿ ನೀರು ಸುರಿಯಿತು. ಆ ನೀರು ಮುಂದಿನ ಒಗೆತಕ್ಕೆ, ಅಲ್ಲಿಂದ ನೆಲ ಒರೆಸುವ ಬಟ್ಟೆಗೆ, ಅಲ್ಲಿಂದ ಮೆಟ್ಟಿಲಿಗೆ. ಮೆಟ್ಟಿಲು ತೊಳೆದ ಮೇಲಷ್ಟೇ ಅದಕ್ಕೆ ಚರಂಡಿಯ ದಾರಿ.

"ನಮ್ಮತ್ತಿಗೆ ಏನನ್ನೂ ಬಿಸಾಕೋರಲ್ಲ," ಎಂದಳು ನಾದಿನಿ, ಒಣಗಲಿಟ್ಟ ಹಾಲಿನ ಕ್ಯಾನು ಒಯ್ಯಲು ಮೇಲೆ ಬಂದಿದ್ದ ಅಡುಗೆಯವನಿಗೆ ಕೇಳುವಂತೆ. "ನಮ್ಮಣ್ಣನ್ನೇ ಇಪ್ಪತ್ತು ವರ್ಷದಿಂದ ಹಿಂಡಿ, ಒಣಗಿಸಿ, ಮತ್ತೆ ಮತ್ತೆ ಬಳಸ್ತಿದಾರೆ."

"ಬಣ್ಣ ಬಿಡೋ ಮಾಲು ಅದು, ಬಾಳಿಕೆ ಏನೂ ಇಲ್ಲ," ಎಂದಳು ಅತ್ತಿಗೆ.

ಮೂವತ್ತು ಕೋಣೆಗಳ ಆ ಲಾಡ್ಜಿನ ತಾರಸಿಯಲ್ಲಿ ಅವಳು ಒಗೆಯತೊಡಗಿ ಹನ್ನೊಂದು ವರ್ಷವಾಗಿತ್ತು. ಒಗೆಯುವ ಮಿಷನ್ನೂ ಇತ್ತು, ಹಿಂಡಿ ಒಣಗಿಸುವ ಮಿಷನ್ನೂ ಇತ್ತು. ಎರಡನೆಯದನ್ನು ನಿಲ್ಲಿಸಿದವಳು ಅವಳೇ. "ಮೇಲೆ ಸೂರ್ಯ ಪುಕ್ಕಟೆ ಉರೀತಿರುವಾಗ ಕರೆಂಟು ಯಾಕೆ ಸಾರ್ ಸುಡೋದು?" ಎಂದು ಮ್ಯಾನೇಜರಿಗೆ ಹೇಳಿದ್ದಳು. ಕರೆಂಟಿನ ಬಿಲ್ಲು ಇಳಿಯಿತು, ಕೈಕೆಲಸ ಏರಿತು. ಹಾಗೆ ಏರಿದ ಕೆಲಸಕ್ಕೇ ನಾದಿನಿಯನ್ನು ಕರೆತಂದಳು. ಗಂಡನ ಏಟು ತಾಳಲಾರದೆ ಮನೆ ಬಿಟ್ಟು ಬಂದು, ಅಣ್ಣನ ಮನೆಯ ಅಡುಗೆಕೋಣೆಯಲ್ಲಿ ಒಂದು ವರ್ಷ ಮಲಗಿದ್ದವಳು ನಾದಿನಿ. ಈಗ ಆರು ತಿಂಗಳಿಂದ ಅವಳದೇ ಒಂದು ಬಾಡಿಗೆ ಕೋಣೆ. "ಒಳಗಿನಿಂದ ಚಿಲಕ ಹಾಕ್ಕೊಂಡು ಮಲಗ್ತೀನಿ ಅತ್ತಿಗೆ, ಮಹಾರಾಣಿ ಥರ," ಎನ್ನುತ್ತಿದ್ದಳು.

ಮ್ಯಾನೇಜರು ಅಂಗೈಯಗಲದ ಹಸಿರು ಕಾರ್ಡುಗಳ ಕಟ್ಟು ಹಿಡಿದು ತಾರಸಿಗೆ ಬಂದದ್ದು ಆವತ್ತೇ. ಅತ್ತಿಗೆಯನ್ನು ನೀರಿನ ಟ್ಯಾಂಕಿನ ನೆರಳಿಗೆ ಕರೆದು ಓದಿಸಿದ. 'ಟವೆಲನ್ನು ಕೊಕ್ಕೆಗೆ ತೂಗುಹಾಕಿದರೆ ನೀವು ಮತ್ತೆ ಬಳಸುತ್ತೀರೆಂದು ತಿಳಿಯುತ್ತೇವೆ. ನೆಲಕ್ಕೆ ಹಾಕಿದರೆ ಒಗೆಯುತ್ತೇವೆ. ನೀರು ಉಳಿಸೋಣ.'

"ನಿಮ್ಮ ಮಾತೇ ಅಲ್ವಾ ಇದು? ಒಂದು ಸಲ ಮೈ ಒರೆಸಿದ್ದನ್ನ ಯಾಕೆ ಒಗೀಬೇಕು, ನಮ್ಮನೇಲಿ ನಾಲ್ಕು ದಿನ ಬಳಸ್ತೀವಿ ಅಂದಿದ್ರಲ್ಲ. ಮಾಲೀಕರಿಗೆ ಬಹಳ ಹಿಡಿಸ್ತು."

ಅವಳು ಸೆರಗಿನಿಂದ ಕೈ ಒರೆಸಿಕೊಂಡು ಕಾರ್ಡನ್ನು ಅಂಚಿನಲ್ಲಿ ಹಿಡಿದಳು. ಹಿಗ್ಗಿನಿಂದ ಮುಖ ಬಿಸಿಯಾಯಿತು.

"ಇನ್ನೊಂದು ವಿಷಯ," ಎಂದ ಮ್ಯಾನೇಜರು, ದನಿ ತಗ್ಗಿಸಿ. "ದಿನಕ್ಕೆ ಐವತ್ತು ಟವೆಲಿನ ಮೇಲೆ ಬಿದ್ರೆ ಇಬ್ಬರೂ ಇರಿ. ಕಮ್ಮಿಯಾದ್ರೆ ಒಬ್ಬರು ಸಾಕು ಅಂತಾರೆ ಮಾಲೀಕರು. ತಿಂಗಳ ಕೊನೇಲಿ ನೋಡೋಣ. ಆಕೆಗೆ ಈಗ್ಲೇ ಹೇಳ್ಬೇಡಿ."

ಅವಳು ಹೇಳಲಿಲ್ಲ. ವಾರದೊಳಗೆ ಅರವತ್ತಿದ್ದ ಟವೆಲು ಮೂವತ್ತಕ್ಕೆ ಇಳಿಯಿತು. "ಊರ ಜನಕ್ಕೆಲ್ಲ ಒಮ್ಮೆಲೇ ಬುದ್ಧಿ ಬಂತಾ ಅತ್ತಿಗೆ?" ಎಂದು ನಾದಿನಿ ಅಚ್ಚರಿಪಟ್ಟು, ಸಿಕ್ಕ ಬಿಡುವಿನಲ್ಲಿ ಟ್ಯಾಂಕಿನ ನೆರಳಿಗೆ ಕೂತು ತನ್ನ ಕಿಟಕಿಗೆ ಪರದೆ ಹೊಲಿಯತೊಡಗಿದಳು. ಹರಿದ ಬೆಡ್‌ಶೀಟಿನ ಗಟ್ಟಿ ಅಂಚನ್ನು ಕತ್ತರಿಸಿ ಕೊಟ್ಟವಳು ಅತ್ತಿಗೆಯೇ.

ಬೆಳಿಗ್ಗೆ ಕೋಣೆ ಕೋಣೆಗೆ ಹೋಗಿ ಬಟ್ಟೆ ತರುವುದು ಅತ್ತಿಗೆಯ ಪಾಲಿನ ಕೆಲಸ. ಎಂಟನೆಯ ದಿನ ಹದಿನಾಲ್ಕನೇ ಕೋಣೆಯ ಬಚ್ಚಲಲ್ಲಿ ಅವಳು ತುಂಬ ಹೊತ್ತು ನಿಂತಳು. ಕೊಕ್ಕೆಯಲ್ಲಿ ಟವೆಲು ಇಸ್ತ್ರಿಯ ಮಡಿಕೆಯೂ ಕೆಡದೆ ತೂಗುತ್ತಿತ್ತು. ಅದನ್ನು ತೆಗೆದು ನಲ್ಲಿಯ ಕೆಳಗೆ ಹಿಡಿದಳು. ಚಿಕ್ಕವಳಿದ್ದಾಗ, ಎರಡು ಹೊಲ ದಾಟಿ ಹೊತ್ತು ತಂದ ಕೊಡವನ್ನು ಹೊಸ್ತಿಲಲ್ಲಿ ಎಡವಿ ಚೆಲ್ಲಿದ್ದಕ್ಕೆ ಅವ್ವ ಬೆನ್ನ ಮೇಲೆ ಬಾರಿಸಿದ ಪೆಟ್ಟು ನೆನಪಾಯಿತು. ನೆನೆದ ಟವೆಲನ್ನು ನೆಲಕ್ಕೆ ಹಾಕಿ, ಮತ್ತೆ ಎತ್ತಿ ಬುಟ್ಟಿಗೆ ಹಾಕಿದಳು. ಆವತ್ತು ಅಂಥವು ಆರು. ಮರುದಿನ ಹದಿನೈದು. ಆಮೇಲೆ ದಿನಾ ಇಪ್ಪತ್ತು, ಇಪ್ಪತ್ತೈದು.

ಆದರೆ ಒಗೆಯಲು ನಿಂತಾಗ ಇನ್ನೊಂದು ಪೇಚು. ಆ ಟವೆಲುಗಳಲ್ಲಿ ಕೊಳೆಯೇ ಇರಲಿಲ್ಲ. ಜಾಲಿಸಿದ ನೀರು ನಲ್ಲಿಯಿಂದ ಬಂದಷ್ಟೇ ತಿಳಿಯಾಗಿ, ತೊಟ್ಟಿಯ ತಳದ ಬಿರುಕು ಕಾಣುವಂತೆ ನಿಂತಿತ್ತು. ಅವಳು ತೊಟ್ಟಿಯ ನೀರು ಹೊರಬಿಡುವ ಪೈಪನ್ನು ಚರಂಡಿಯ ಬಾಯಿಗೆ ಹಿಡಿದಳು. ಬಿಡಲಾಗಲಿಲ್ಲ. ಕೈ ತಾನಾಗಿಯೇ ಪೈಪನ್ನು ನೀರು ಕೂಡಿಡುವ ಡ್ರಮ್ಮಿನ ಕಡೆಗೆ ತಿರುಗಿಸಿತು. ಆ ನೀರಿನಲ್ಲಿ ದಿಂಬಿನ ಚೀಲ ಒಗೆದಳು, ಬೆಡ್‌ಶೀಟು ಒಗೆದಳು. ಕೊಳೆಯಿಲ್ಲದ್ದಕ್ಕೆ ಸೋಪಿನ ಪುಡಿಯಾದರೂ ಯಾಕೆಂದು ಅದನ್ನೂ ಚಿಟಿಕೆಗೆ ಇಳಿಸಿದಳು.

ತಿಂಗಳ ಕೊನೆಗೆ ಮ್ಯಾನೇಜರು ಅವಳನ್ನು ಕೆಳಗೆ ಕರೆಸಿದ. ಮೇಜಿನ ಮೇಲೆ ಟವೆಲಿನ ಪಟ್ಟಿ, ಪಕ್ಕದಲ್ಲಿ ನೀರಿನ ಮೀಟರಿನ ಅಂಕಿ ಬರೆದಿಟ್ಟ ಚೀಟಿ.

"ಮೊದಲ ಕೆಲವು ದಿನ ಬಿಟ್ರೆ ಐವತ್ತರ ಕೆಳಗೆ ಇಳಿದಿಲ್ಲ ಸಾರ್," ಎಂದಳು ಅವಳು, ಕೂರುವ ಮೊದಲೇ.

"ಅದೇ ನೋಡಿ ಸೋಜಿಗ!" ಅವನು ನಿಜವಾಗಿ ಖುಷಿಯಲ್ಲಿದ್ದ. "ಟವೆಲು ಹೆಚ್ಚುಕಮ್ಮಿ ಮೊದಲಿನಷ್ಟೇ ಬಿದ್ದಿದೆ, ನೀರು ಮಾತ್ರ ಅರ್ಧಕ್ಕರ್ಧ ಇಳಿದಿದೆ. ಸೋಪಿನ ಒಂದು ಮೂಟೆ ಬಿಚ್ಚೇ ಇಲ್ಲ. ಇಷ್ಟು ಸಲೀಸಾಗಿ ಆಗೋ ಕೆಲಸಕ್ಕೆ ಐವತ್ತೇನು, ನೂರು ಬಿದ್ರೂ ಇಬ್ಬರು ಯಾಕೆ ಅಂತ ಕೇಳಿದ್ರು ಮಾಲೀಕರು. ನಾನೇನು ಹೇಳ್ಲಿ?"

ಅವಳು ಬಾಯಿ ತೆರೆದಳು. ಅರ್ಧ ಟವೆಲು ಕೊಳೆಯೇ ಆಗಿರಲಿಲ್ಲ ಎಂದರೆ ಐವತ್ತರ ಲೆಕ್ಕವೇ ಬೀಳುತ್ತದೆ; ಹೇಳದಿದ್ದರೆ ನಾದಿನಿ ಹೋಗುತ್ತಾಳೆ.

"ಹಂಗಿದ್ರೆ ನನ್ನೇ ತೆಗೀರಿ ಸಾರ್."

ಮ್ಯಾನೇಜರು ನಕ್ಕ. "ಚೆನ್ನಾಗಿದೆ! ನೀವೇ ಹೋದ್ರೆ ಈ ಉಳಿತಾಯ ಯಾರಮ್ಮ ಮಾಡೋದು?"

ಅವನು ನಕ್ಕಾಗ ಅವಳ ಎದೆಯಲ್ಲಿ ಏನೋ ಸಡಿಲವಾಯಿತು, ಭಾರ ಇಳಿಸಿದ ಹಾಗೆ. ಅದು ತನಗೇ ಗೊತ್ತಾಗಿ, ಎರಡನೆಯ ಸಲ ಕೇಳದೆ ಎದ್ದು ಬಂದಳು.

ಸಂಜೆ ನಾದಿನಿ ಏಪ್ರನ್ನು ಬಿಚ್ಚಿ, ನಾಲ್ಕು ಮಡಿಕೆ ಮಾಡಿ, ಒಣಗಿಸುವ ಮಿಷನ್ನಿನ ತಲೆಯ ಮೇಲಿಟ್ಟಳು.

"ಮೊದಲೇ ಗೊತ್ತಿತ್ತಾ ಅತ್ತಿಗೆ?"

"ಹೂಂ."

"ಎಷ್ಟು ದಿನದಿಂದ?"

"ಕಾರ್ಡು ಬಂದ ದಿನದಿಂದ. ನಾನು ಏನೇನೋ ಮಾಡಿ ನೋಡಿದೆ ಕಣೆ…"

"ಮಾಡಿದ್ದೆಲ್ಲ ಹೇಳಿದ್ರು ಮ್ಯಾನೇಜರು. ನೀರು ಉಳಿಸಿದ್ರಂತೆ, ಸೋಪು ಉಳಿಸಿದ್ರಂತೆ." ಅವಳ ದನಿಯಲ್ಲಿ ಜಗಳವಿರಲಿಲ್ಲ. ಹೊಲಿದು ಮುಗಿಯದ ಪರದೆಯನ್ನು ಚೀಲದಿಂದ ತೆಗೆದು ಏಪ್ರನ್ನಿನ ಮೇಲೆ ಇಟ್ಟಳು. "ಇದೂ ಇಲ್ಲೇ ಇರ್ಲಿ. ಅಣ್ಣನ ಅಡುಗೆಕೋಣೇಲಿ ಕಿಟಕಿ ಇಲ್ವಲ್ಲ."

ಮೆಟ್ಟಿಲ ತುದಿಯಲ್ಲಿ ಒಮ್ಮೆ ನಿಂತಳು. "ಏನನ್ನೂ ಬಿಸಾಕೋರಲ್ಲ ನಮ್ಮತ್ತಿಗೆ ಅಂತ ಎಲ್ಲರ ಹತ್ರ ಹೇಳ್ಕೊಂಡು ತಿರುಗಿದ್ದೆ," ಎಂದು ಇಳಿದುಹೋದಳು.

ಮರುದಿನ ಬಿಸಿಲು ಬೇಗ ಏರಿತು. ಅತ್ತಿಗೆ ದೊಡ್ಡ ಬೆಡ್‌ಶೀಟೊಂದನ್ನು ನೀರಿನಿಂದ ಎತ್ತಿ, ಒಂದು ತುದಿ ಹಿಡಿದು, ಅಭ್ಯಾಸದಂತೆ ಇನ್ನೊಂದನ್ನು ಮುಂದಕ್ಕೆ ಚಾಚಿ ನಿಂತಳು. ಆಮೇಲೆ ಆ ತುದಿಯನ್ನು ಬಟ್ಟೆತಂತಿಯ ಕಬ್ಬಿಣದ ಕಂಬಕ್ಕೆ ಗಂಟು ಹಾಕಿ ಬಂದು ತಿರುಗಿಸತೊಡಗಿದಳು. ಕಂಬ ಅಲುಗದೆ ಹಿಡಿದುಕೊಂಡಿತು. ಕೆಳಗೆ ಜಗ್ಗಿದ ಗಂಟಿನ ಕಡೆಗೇ ನೀರು ಜಾರಿ, ಕಂಬದ ಬುಡದಿಂದ ಸಣ್ಣ ಗೆರೆಯಾಗಿ ಹರಿಯಿತು. ಕಾದ ನೆಲದ ಮೇಲೆ, ಬಕೆಟ್ಟು ಇನ್ನೂ ಎರಡು ಮಾರು ದೂರವಿರುವಾಗಲೇ ಆರಿಹೋಯಿತು.