ನಡುಮನೆಯ ಲೇತು

ಹಿಂದೂಪುರದ ತೋಟಪ್ಪನಿಗೆ ಕಬ್ಬಿಣ ಕಡೆಯುವ ಲೇತು ಯಂತ್ರ ಬೇಕಾಗಿಯೇ ಇರಲಿಲ್ಲ. ಕಬ್ಬಿಣದ ಅಂಗಡಿ ಚೆನ್ನಾಗಿ ನಡೆಯುತ್ತಿತ್ತು. ಆದರೆ ಕಲ್ಯಾಣದುರ್ಗದ ಷಡ್ಡಕ ಸೋಮಶೇಖರಪ್ಪ ಲೇತು ತಂದ ಸುದ್ದಿ ಕಿವಿಗೆ ಬಿದ್ದ ದಿನದಿಂದ ಅವನಿಗೆ ಅನ್ನ ರುಚಿಸಲಿಲ್ಲ. ಹೆಂಡತಿಯ ತಂಗಿಯ ಗಂಡ, ವಯಸ್ಸಿನಲ್ಲಿ ಚಿಕ್ಕವನು, ಮೊನ್ನೆಮೊನ್ನೆಯವರೆಗೆ ಪಂಪು ರಿಪೇರಿ ಮಾಡಿಕೊಂಡಿದ್ದವನು. ಸೋಮಶೇಖರಪ್ಪ ತನ್ನ ಹೆಂಡತಿ ಭ್ರಮರಾಂಬ ಹೆರಿಗೆಯಲ್ಲಿ ತೀರಿಕೊಂಡ ಮೇಲೆ ಒಬ್ಬನೇ ಇದ್ದ. ಹೊತ್ತು ಹೋಗಲೆಂದು ಯಂತ್ರ ತಂದನಂತೆ. ಹೊತ್ತು ಹೋಗಬೇಕಾದವರು ಚೌಕಾಬಾರ ಆಡುತ್ತಾರೆ, ಲೇತು ತರುತ್ತಾರೆಯೇ ಎಂದು ತೋಟಪ್ಪ ಮನೆಯೊಳಗೆ ಶತಪಥ ಹಾಕಿದ.

ಮಹಾಯುದ್ಧ ಮುಗಿದು ಯಂತ್ರದ ಸಾಮಾನು ಮತ್ತೆ ಸಿಗತೊಡಗಿದ್ದ ಕಾಲ. ಷಡ್ಡಕ ಕೊಂಡಿದ್ದ ಬೆಂಗಳೂರಿನ ಅದೇ ಅಂಗಡಿಯಿಂದ, ಅದೇ ತರಹದ, ಕಾಲಿನಿಂದ ತುಳಿದು ತಿರುಗಿಸುವ ಲೇತು ರೈಲಿನಲ್ಲಿ ಬಂದಿಳಿಯಿತು. ಅಂಗಡಿಯಲ್ಲಿ ಜಾಗ ಸಾಲದೆ ನಡುಮನೆಯ ಮಣ್ಣು ನೆಲದ ಮೇಲೆ ನಿಲ್ಲಿಸಿದರು. ತೋಟಪ್ಪ ಗಾರೆಯವನ ಹತ್ತಿರ ಏರುತಗ್ಗು ತೋರಿಸುವ ರಸಮಟ್ಟ ಎರವಲು ತಂದು, ಒಂದೊಂದು ಕಾಲಿನಡಿಗೂ ತಗಡಿನ ಚೂರು ಕೊಟ್ಟು, ಯಂತ್ರ ಎಳ್ಳಷ್ಟೂ ವಾಲದಂತೆ ಕೂರಿಸಿದ. ಹೆಂಡತಿ ವೀರಭದ್ರಮ್ಮ ವಿಭೂತಿ ಇಟ್ಟು, ಹೂ ಮುಡಿಸಿ ಕೈ ಮುಗಿದಳು. ಸುಮ್ಮನಿರಬಾರದೇ? ಸೋಮಶೇಖರಪ್ಪನನ್ನು ಕರೆಸಿ ಕಲಿತುಕೊಂಡರೆ ಒಳ್ಳೆಯದು ಎಂದುಬಿಟ್ಟಳು. ಅಷ್ಟು ಸಾಕಾಯಿತು. ತೋಟಪ್ಪ ಯಾರನ್ನೂ ಕೇಳದೆ ಕಲಿಯಲು ಹೊರಟ.

ಕಾಲು ತುಳಿತಕ್ಕೆ ಒಗ್ಗಿದರೆ ಕೈ ತಪ್ಪುತ್ತಿತ್ತು, ಕೈ ನೆಟ್ಟಗಾದರೆ ಕಾಲು ನಿಲ್ಲುತ್ತಿತ್ತು. ಉಳಿ ಕಬ್ಬಿಣವನ್ನು ಕಚ್ಚಿಕೊಂಡು ಕೂರುತ್ತಿತ್ತು. ಬಿಸಿ ಸುರುಳಿಗಳು ಪಾದದ ಮೇಲೆ ಬಿದ್ದು ಬೊಬ್ಬೆ ಎದ್ದವು. ಹಾಗೂ ಹೀಗೂ ಕೈ ಪಳಗಿತು. ಯಂತ್ರದ ಒಂದು ಕಾಲಿನ ಬಳಿ ಎಣ್ಣೆ, ಕಬ್ಬಿಣದ ಪುಡಿ ಸೋರಿ ನೆಲ ಕಪ್ಪಾಗುತ್ತಿತ್ತು. ವೀರಭದ್ರಮ್ಮ ಪ್ರತಿ ಬೆಳಿಗ್ಗೆ ಮನೆಯನ್ನೆಲ್ಲ ಸಗಣಿನೀರಿನಿಂದ ಸಾರಿಸುವಾಗ ಆ ಮೂಲೆಗೆ ಮಾತ್ರ ಧಾರಾಳವಾಗಿ ನೀರು ಸುರಿದು ತಿಕ್ಕುತ್ತಿದ್ದಳು.

ಎಣ್ಣೆ ಮಿಲ್ಲಿನ ಕೊಟ್ಟೂರಪ್ಪ ಕಡಲೆಕಾಯಿ ಸುಲಿಯುವ ಯಂತ್ರಕ್ಕೆ ದುಂಡು ಕಬ್ಬಿಣದ ಷಾಫ್ಟು ಕೇಳಿದಾಗ ತೋಟಪ್ಪ ಎದೆಯುಬ್ಬಿಸಿ ಒಪ್ಪಿಕೊಂಡ. ಮಾಡಿಕೊಟ್ಟದ್ದು ಒಂದು ತುದಿ ದಪ್ಪ, ಇನ್ನೊಂದು ತುದಿ ಸಣ್ಣ. ಮತ್ತೆ ಮಾಡಿದ, ಮತ್ತೆ ಹಾಗೇ ಆಯಿತು.

"ಏಮಪ್ಪಾ ತೋಟಪ್ಪ, ಇದು ಷಾಫ್ಟೋ ಮೂಲಂಗಿನೋ?" ಎಂದ ಕೊಟ್ಟೂರಪ್ಪ. "ಅಮಾಸೆ ಒಳಗೆ ನೆಟ್ಟಗಿರೋದು ಕೊಡು. ಇಲ್ಲಾಂದ್ರೆ ಮಿಲ್ಲಿನ ಕೆಲ್ಸ ಪೂರಾ ನಿನ್ನ ಷಡ್ಡಕನಿಗೇ ಕೊಟ್ಬುಡ್ತೀನಿ."

ತೋಟಪ್ಪನ ಹೊಟ್ಟೆಗೆ ಬೆಂಕಿ ಬಿತ್ತು. ಬೆಂಗಳೂರಿನ ಅಂಗಡಿಯವನು ಒಳ್ಳೆಯ ಯಂತ್ರವನ್ನು ಷಡ್ಡಕನಿಗೆ ಕೊಟ್ಟು, ಸೊಟ್ಟದ್ದನ್ನು ತನ್ನ ತಲೆಗೆ ಕಟ್ಟಿದ್ದಾನೆ ಎಂದು ತೀರ್ಮಾನಿಸಿದ. ಇಷ್ಟು ಸಾಲದೆಂಬಂತೆ ವೀರಭದ್ರಮ್ಮ ಬಸ್ಸಿನವರ ಕೈಯಲ್ಲಿ ಸೋಮಶೇಖರಪ್ಪನಿಗೆ ರೊಟ್ಟಿ, ಹುಚ್ಚೆಳ್ಳು ಪುಡಿ ಕಳಿಸುತ್ತಿದ್ದಳು. ಅವನೋ ಭ್ರಮರಾಂಬ ಹೋದ ಮೇಲೆ ಒಂದೇ ಸಲ ಹಿಂದೂಪುರಕ್ಕೆ ಬಂದವನು, ಬೆಳಗಾಗುತ್ತಲೇ ಕಾಫಿಯನ್ನೂ ಕುಡಿಯದೆ ಎದ್ದು ಹೋಗಿದ್ದ. ಆಮೇಲೆ ಈ ಕಡೆ ತಲೆ ಹಾಕಿರಲಿಲ್ಲ. ಅದು ಸೊಕ್ಕು ಎಂಬುದರಲ್ಲಿ ತೋಟಪ್ಪನಿಗೆ ಅನುಮಾನವೇ ಇರಲಿಲ್ಲ.

ಕೊನೆಗೆ ಷಾಫ್ಟನ್ನೂ ತನ್ನ ಉಳಿಯನ್ನೂ ಬಟ್ಟೆಯಲ್ಲಿ ಸುತ್ತಿಕೊಂಡು, ರೊಟ್ಟಿಯ ಗಂಟನ್ನು ನೆಪ ಮಾಡಿಕೊಂಡು, ತಾನೇ ಕಲ್ಯಾಣದುರ್ಗದ ಬಸ್ಸು ಹತ್ತಿದ. ಷಡ್ಡಕನ ಲೇತಿನಲ್ಲಿ ಏನಾದರೂ ಹುಳುಕು ಕಂಡರೆ ಸಾಕು, ಆ ವರ್ಷವೆಲ್ಲ ನೆಮ್ಮದಿಯಾಗಿ ಉಣ್ಣಬಹುದೆಂದುಕೊಂಡ.

ಸೋಮಶೇಖರಪ್ಪ ಸಂತೋಷದಿಂದ ಬರಮಾಡಿಕೊಂಡು ಷಾಫ್ಟನ್ನು ತನ್ನ ಲೇತಿಗೆ ಏರಿಸಿಕೊಟ್ಟ. ತೋಟಪ್ಪನೇ ತುಳಿದ, ತೋಟಪ್ಪನೇ ಉಳಿ ಹಿಡಿದ. ಒಂದು ಪದರ ಕಡೆದು ಅಳೆದು ನೋಡಿದರೆ ಎರಡು ತುದಿಯೂ ಒಂದೇ ದಪ್ಪ. ಕೈ ಅದೇ, ಉಳಿ ಅದೇ. ಅವನಿಗೆ ಅಳು ಬರುವಷ್ಟು ಹೊಟ್ಟೆಕಿಚ್ಚಾಯಿತು. ಏನು ಮಾಟ ಅಡಗಿದೆಯೋ ಎಂದು ಬಗ್ಗಿ ಯಂತ್ರದ ಕಾಲು ನೋಡಿದ.

ಅಲ್ಲಿಯೂ ಅಂಥವೇ ತಗಡಿನ ಚೂರುಗಳು. ಇಟ್ಟಲ್ಲೇ ಇದ್ದವು, ಮೇಲೆ ಜೇಡ ಬಲೆ ಕಟ್ಟಿತ್ತು. ಸುತ್ತ ನೆಲ ಬಿರುಕು ಬಿಟ್ಟು ಬೂದಿಯಂತೆ ಧೂಳಾಗಿತ್ತು. ಯಾವ ಕಾಲದಲ್ಲಿ ನೀರು ಕಂಡಿತ್ತೋ. ತೋಟಪ್ಪನಿಗೆ ತನ್ನ ನಡುಮನೆ ನೆನಪಾಯಿತು. ಅಲ್ಲಿ ಆ ಮೂಲೆಯ ಕಾಲಿನ ತಗಡು ಈಗ ಕಾಣುವುದೇ ಇಲ್ಲ. ದಿನಾ ನೀರು ಕುಡಿದ ನೆಲ ಮೆತ್ತಗಾಗಿ, ಆ ಕಾಲು ಕುಸಿದು, ಯಂತ್ರದ ಮೈಯೇ ತಿರುಚಿಕೊಂಡಿದೆ; ಷಾಫ್ಟು ಮೂಲಂಗಿಯಾದದ್ದು ಅದಕ್ಕೇ. ಒಂದು ಸಲ ರಸಮಟ್ಟ ಇಟ್ಟಿದ್ದರೆ ತಿಳಿಯುತ್ತಿತ್ತು. ಷಡ್ಡಕನನ್ನು ಬೈಯುವುದರಲ್ಲಿ ಅದಕ್ಕೆ ಪುರುಸೊತ್ತಾಗಿರಲಿಲ್ಲ.

"ನೆಲ ಸಾರ್ಸೋದಿಲ್ವೇನಪ್ಪ ನೀನು?" ಎಂದು ಕೇಳಿದ.

ಸೋಮಶೇಖರಪ್ಪ ಉಳಿಯನ್ನು ಒರೆಸಿ ಇಟ್ಟ. "ಯಾರವ್ರೆ ಅಣ್ಣ ಸಾರ್ಸಾಕೆ? ಅವಳಿದ್ದಾಗ ದಿನಾ ಸಾರ್ಸೋಳು. ಆವತ್ತು ನಿಮ್ಮನೇಲಿ ಬೆಳಿಗ್ಗೆ ಎದ್ರೆ ಅತ್ತಿಗೆ ಸಾರ್ಸಿದ ನೆಲದ ವಾಸ್ನೆ ಬಂತು. ಹೊಟ್ಟೆಕಿಚ್ಚಾಗ್ಬುಡ್ತು ಕಣಣ್ಣ, ನಿಮ್ಮ ಮ್ಯಾಲೆ. ಅದ್ಕೇ ಆ ಕಡೆ ಬರೋದ್ನೇ ಬಿಟ್ಬುಟ್ಟೆ."

ತೋಟಪ್ಪ ಷಾಫ್ಟನ್ನು ಮತ್ತೆ ಬಟ್ಟೆಯಲ್ಲಿ ಸುತ್ತತೊಡಗಿದ. ಸೋಮಶೇಖರಪ್ಪನೇ ಮಾತು ತಿರುಗಿಸಿ, ನಿಮ್ಮ ಷಾಫ್ಟು ಮೊದಲು ಯಾಕೆ ಹಾಗೆ ಬಂದಿತ್ತು ಎಂದು ವಿಚಾರಿಸಿದ. ಕಾರಣ ಹೇಳಬೇಕಾದರೆ ವೀರಭದ್ರಮ್ಮ ದಿನಾ ಬೆಳಿಗ್ಗೆ ಮನೆ ಸಾರಿಸುತ್ತಾಳೆ ಎಂದು ಹೇಳಬೇಕಿತ್ತು.

"ನಮ್ಮ ಲೇತೇ ಸರಿಯಿಲ್ಲ ಕಣಪ್ಪ," ಎಂದ ತೋಟಪ್ಪ. "ನಿಂದೇ ವಾಸಿ."

ಸೋಮಶೇಖರಪ್ಪನ ಮುಖ ಅರಳಿತು. ಹಾಗಾದರೆ ಮಿಲ್ಲಿನ ಷಾಫ್ಟಿನ ಉಳಿದ ಕೆಲಸವನ್ನೂ ಇಲ್ಲೇ ಮುಗಿಸಿಕೊಂಡು ನಾಳೆ ಹೋದರಾಯಿತು ಎಂದು ಹೇಳಿ, ಧೂಳು ನೆಲದ ಮೇಲೆ ಚಾಪೆ ಹಾಸಿ ರೊಟ್ಟಿಯ ಗಂಟು ಬಿಚ್ಚಿದ.