ಎರಡು ಸಲ ಬಂದ ಗಿರಾಕಿ

ಹತ್ತು ಗಂಟೆಗೆ ಮಗಳು ಕಾಲೇಜಿನಲ್ಲಿ ಬೋರ್ಡಿನ ಮುಂದೆ ನಿಂತು ಲೆಕ್ಕ ಬಿಡಿಸಬೇಕಿತ್ತು. ಹೋದ ವಾರ ಅಲ್ಲೇ ತಡವರಿಸಿ ನಗೆಪಾಟಲಾಗಿದ್ದಳು. ಇವತ್ತು ಮೂರು ಸಮೀಕರಣಗಳು ಬೆಳಗಿನಿಂದ ಅವಳ ತಲೆ ತಿನ್ನುತ್ತಿದ್ದವು.

"ಏನ್ ಮಾಡಿದ್ರೂ ಕೊನೆಗೆ ಸೊನ್ನೆಗೆ ಸೊನ್ನೆ ಸಮ ಅಂತ ಬರತ್ತಮ್ಮಾ! ಎಲ್ಲೋ ತಪ್ಪಿದೀನಿ."

ಬಟ್ಟೆ ಹೊಲಿಯುತ್ತಿದ್ದ ಅಮ್ಮ ಮಿಷನ್ ನಿಲ್ಲಿಸಿದಳು. ಅವಳಿಗೆ ಬೀಜಗಣಿತದ ಗಂಧಗಾಳಿಯೂ ಇರಲಿಲ್ಲ. "ಗಿರಾಕಿ ಅಳತೆ ಹೇಳೋ ಥರ ಓದು, ನೋಡೋಣ," ಎಂದಳು.

"ಮೊದಲನೇದ್ರಲ್ಲಿ ಎಕ್ಸ್, ವೈ, ಝಡ್ ಮುಂದಿರೋ ಅಂಕಿ ಒಂದು, ಎರಡು, ಮೂರು, ಸಮ ಚಿಹ್ನೆ ಆಚೆ ಹದಿನಾಲ್ಕು. ಎರಡನೇದ್ರಲ್ಲಿ ಎರಡು, ನಾಲ್ಕು, ಆರು, ಆಚೆ ಇಪ್ಪತ್ತೆಂಟು…"

"ನಿಲ್ಲು ನನ್ನವ್ವ! ಇವಳು ಅದೇ ಗಿರಾಕಿ ಕಣೇ. ಎಲ್ಲಾ ಅಳತೆನೂ ದುಪ್ಪಟ್ಟು ಮಾಡ್ಕೊಂಡು ಇನ್ನೊಂದ್ಸಲ ಬಂದಿದಾಳೆ. ನೀನು ಮೂರು ಜನ ಅಂತ ಬರ್ಕೊಂಡಿದೀಯ, ಬಂದಿರೋರು ಇಬ್ಬರೇ."

ಮಗಳು ಎರಡನೇ ಸಮೀಕರಣದ ಮೇಲೆ ಗೀಟು ಎಳೆದಳು. ಮೂರು ಅಕ್ಷರಗಳ ಬೆಲೆ ಹುಡುಕಲು ಎರಡೇ ಸಮೀಕರಣ ಸಾಲದು. ಹಾಗಾಗಿ ಉತ್ತರ ಒಂದಲ್ಲ, ಲೆಕ್ಕವಿಲ್ಲದಷ್ಟು. ಸೊನ್ನೆ ಬಂದದ್ದು ತಪ್ಪೇ ಆಗಿರಲಿಲ್ಲ!

"ಬೋರ್ಡ್ ಮುಂದೆ ಗಿರಾಕಿ ಗಿರಾಕಿ ಅಂದುಬಿಟ್ಟೀಯೇ, ಹುಷಾರು!" ಎಂದು ಅಮ್ಮ ಕೂಗುವಷ್ಟರಲ್ಲಿ ಮಗಳು ಚಪ್ಪಲಿ ಮೆಟ್ಟಿ, ಎರಡೆರಡು ಮೆಟ್ಟಿಲು ಹಾರುತ್ತಾ ಬೀದಿಗಿಳಿದಿದ್ದಳು.